ಕೀ ಕೈಗೆ ಬಂತು, ಆರ್‌ಸಿ ಬರಲಿಲ್ಲ: ಸೆಕೆಂಡ್ ಹ್ಯಾಂಡ್ ಕಾರಿನ ಹೆಸರು ಬದಲಾವಣೆಗೆ ಬರುವ ಅಡ್ಡಿಗಳು

ನಾನು ಮೊದಲ ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಗಾಡಿಯನ್ನು ತುಂಬಾ ಚೆನ್ನಾಗಿ ನೋಡಿದ್ದೆ. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ಬಾನೆಟ್ ಎತ್ತಿಸಿ, ಟೈರು ನೋಡಿಸಿ, ಎರಡು ಸಲ ಓಡಿಸಿ ನೋಡಿದ್ದೆ. ಆರ್‌ಸಿಯನ್ನು, ಅಂದರೆ ಗಾಡಿಯ ನೋಂದಣಿ ಪತ್ರವನ್ನು, ಮಾತ್ರ ಒಂದು ನಿಮಿಷವೂ ಓದಲಿಲ್ಲ. ಅದರಲ್ಲಿ ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು ಹಾಗೇ ಇತ್ತು. ಸಾಲ ತೀರಿ ನಾಲ್ಕು ವರ್ಷ ಆಗಿತ್ತಂತೆ, ಆದರೆ ಆ ಹೆಸರನ್ನು ಯಾರೂ ತೆಗೆಸಿರಲಿಲ್ಲ. ನನಗೆ ಇದು ಗೊತ್ತಾಗುವ ಹೊತ್ತಿಗೆ ಮಾರಿದವರು ಮಗಳ ಮನೆಗೆ ಅಂತ ಬೇರೆ ಊರಿಗೆ ಹೋಗಿದ್ದರು. ಆರ್‌ಸಿ ನನ್ನ ಹೆಸರಿಗೆ ಬರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಗಾಡಿ ಹೊರಗೆ ತೆಗೆದಾಗಲೆಲ್ಲ ಎದೆಯಲ್ಲಿ ಅಳುಕು ಇರುತ್ತಿತ್ತು.

ಆಮೇಲೆ ಮನೆಯವರಿಗೆ, ಸ್ನೇಹಿತರಿಗೆ ಅಂತ ನಾಲ್ಕೈದು ಗಾಡಿಗಳ ಟ್ರಾನ್ಸ್‌ಫರ್ ಮಾಡಿಸಿದ್ದೇನೆ. ನಾನು ಕಂಡಂತೆ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ದುಡ್ಡು ಕೊಡುವ ಮೊದಲೇ ಗಾಡಿಯ ಮೇಲೆ ಏನೋ ಒಂದು ಬಾಕಿ ಇರುತ್ತದೆ, ನಾವು ಅದನ್ನು ನೋಡಿರುವುದಿಲ್ಲ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ದುಡ್ಡು ಕೊಡುವ ಮೊದಲಿನ ಕೆಲಸದ ಬಗ್ಗೆಯೇ ಇದೆ. ಕರ್ನಾಟಕದಲ್ಲಿ ಕಾರು ಕೊಳ್ಳುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ. ಮಾರುವವರೂ ಓದಬೇಕು. ಯಾಕೆ ಅಂತ ಮೊದಲು ಅದನ್ನೇ ಹೇಳುತ್ತೇನೆ.

ಹೆಸರು ಯಾರದ್ದೋ ಹೊಣೆ ಅವರದ್ದು

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಗಾಡಿ ಯಾರ ಹೆಸರಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕರು. ಕಾರು ಮಾರಿ ದುಡ್ಡು ಎಣಿಸಿಕೊಂಡಿದ್ದರೂ, ಕೀ ಕೊಟ್ಟು ವರ್ಷ ಕಳೆದಿದ್ದರೂ, ಆರ್‌ಸಿಯಲ್ಲಿ ಹಳೆಯ ಹೆಸರೇ ಇದ್ದರೆ ಅಪಘಾತದ ಪರಿಹಾರದ ನೋಟಿಸ್ ಆ ಹೆಸರಿಗೇ ಹೋಗುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಇನ್ನೊಬ್ಬರಿಗೆ ಹೀಗೆ ಹಲವು ಕೈ ಬದಲಾಗಿತ್ತು. ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿತ್ತು. ಪರಿಹಾರದ ಹೊಣೆ ಅವರ ಮೇಲೇ ಬಿತ್ತು.

ಕಾಯ್ದೆಯ 50ನೇ ಸೆಕ್ಷನ್ ಗಡುವನ್ನೂ ಹಾಕಿದೆ. ಗಾಡಿ ಅದೇ ರಾಜ್ಯದ್ದಾದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು. ಹೊರ ರಾಜ್ಯದ್ದಾದರೆ 45 ದಿನ. ಕೊಂಡವರಿಗೆ 30 ದಿನ. ಮಾರಿದವರು ತಿಳಿಸುವುದು ಫಾರ್ಮ್ 29ರಲ್ಲಿ. ಹೆಸರು ಬದಲಾವಣೆಯ ಅರ್ಜಿ ಫಾರ್ಮ್ 30. ಈ ಎರಡು ನಂಬರು ನೆನಪಿರಲಿ, ಮುಂದೆ ಮತ್ತೆ ಬರುತ್ತವೆ.

ಮೊದಲ ಹೆಜ್ಜೆ: ಆರ್‌ಸಿ ಓದಿ, ಆಮೇಲೆ ಬಾನೆಟ್ ಎತ್ತಿ

ಮಾರುವವರಿಂದ ಆರ್‌ಸಿಯ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ. ಗಾಡಿ ನೋಡಲು ಹೋಗುವ ಮೊದಲೇ ಕೇಳಿ. ಕೊಡಲು ಹಿಂಜರಿದರೆ ಅಲ್ಲೇ ಯೋಚನೆ ಮಾಡಿ. ನಂಬರು ಸಿಕ್ಕ ಮೇಲೆ ಪರಿವಾಹನ್ ವೆಬ್‌ಸೈಟಿನಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಗಾಡಿ ಎಷ್ಟನೇ ಮಾಲೀಕರದ್ದು, ನೋಂದಣಿ ಎಲ್ಲಿಯವರೆಗೆ ಇದೆ, ವಿಮೆ ಮತ್ತು ಎಮಿಷನ್ ಯಾವಾಗ ಮುಗಿಯುತ್ತದೆ, ಸಾಲ ಇದೆಯಾ, ಬ್ಲ್ಯಾಕ್‌ಲಿಸ್ಟ್ ಆಗಿದೆಯಾ ಎಂಬುದು ಅಲ್ಲಿ ಗೊತ್ತಾಗುತ್ತದೆ. ಮಾಲೀಕರ ಹೆಸರು ಅರ್ಧ ಮರೆಮಾಡಿ ತೋರಿಸುತ್ತಾರೆ. ಆದರೂ ನಿಮ್ಮೆದುರು ಕೂತಿರುವವರ ಹೆಸರಿಗೆ ಹೊಂದುತ್ತದಾ ಅಂತ ಅಂದಾಜು ಮಾಡಲು ಸಾಕು.

ಇನ್ನೂ ಗಟ್ಟಿ ದಾಖಲೆ ಬೇಕೆಂದರೆ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ. ಗಾಡಿಯ ಬಗ್ಗೆ ಆರ್‌ಟಿಒ ದಾಖಲೆಯಲ್ಲಿ ಇರುವ ವಿವರ ಅದರಲ್ಲಿ ಬರುತ್ತದೆ. ಹಳೆಯ ಗಾಡಿಗಳಿಗೆ ಇದು ಬಹಳ ಉಪಯೋಗ. ಪುಸ್ತಕದ ಕಾಲದ ಆರ್‌ಸಿಗಳ ವಿವರವನ್ನು ಕಂಪ್ಯೂಟರಿಗೆ ಹಾಕುವಾಗ ತಪ್ಪಾಗಿರಬಹುದು. ಚಾಸಿ ನಂಬರಿನಲ್ಲಿ ಸೊನ್ನೆ ಇರುವ ಕಡೆ 'ಒ' ಅಕ್ಷರ ಬಿದ್ದಿದ್ದರೂ ಸಾಕು, ಅರ್ಜಿ ವಾಪಸ್ ಬರುತ್ತದೆ. ಗಾಡಿ ನೋಡಲು ಹೋದಾಗ ಚಾಸಿ ನಂಬರು, ಎಂಜಿನ್ ನಂಬರು ಎರಡನ್ನೂ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಬಣ್ಣ ಬದಲಾಗಿದೆಯಾ, ಸಿಎನ್‌ಜಿ ಕಿಟ್ ಹಾಕಿಸಿದ್ದಾರಾ, ಎಂಜಿನ್ ಬದಲಿಸಿದ್ದಾರಾ ನೋಡಿ. ಇವೆಲ್ಲ ಆರ್‌ಸಿಯಲ್ಲಿ ದಾಖಲಾಗಿರಬೇಕು. ಇಲ್ಲದಿದ್ದರೆ ಮಾರುವವರೇ ಮೊದಲು ಸರಿ ಮಾಡಿಸಿ ಕೊಡಲಿ.

ಎರಡನೇ ಹೆಜ್ಜೆ: ಎಚ್‌ಪಿ ಕ್ಯಾನ್ಸಲ್ ಆಗಿದೆಯಾ?

ಜನ ಜಾಸ್ತಿ ಸಿಕ್ಕಿಬೀಳುವುದು ಇಲ್ಲೇ. ಸಾಲ ತೆಗೆದು ಕಾರು ಕೊಂಡಾಗ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸೇರುತ್ತದೆ. ಆಡುಮಾತಿನಲ್ಲಿ ಅದಕ್ಕೆ ಎಚ್‌ಪಿ ಅಂತೀವಿ. ಕೊನೆಯ ಕಂತು ಕಟ್ಟಿದ ಕೂಡಲೇ ಅದು ತಾನಾಗಿ ಹೋಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನನ್ನ ಕಾರು ಮಾರಿದವರೂ ಹಾಗೇ ನಂಬಿದ್ದರು. ಹೆಸರು ತೆಗೆಸಲು ಬ್ಯಾಂಕಿನ ಎನ್‌ಒಸಿ (ತಮ್ಮ ಆಕ್ಷೇಪ ಇಲ್ಲ ಎಂಬ ಪತ್ರ) ಮತ್ತು ಫಾರ್ಮ್ 35 ಬೇಕು. ಫಾರ್ಮ್ 35ರಲ್ಲಿ ಮಾಲೀಕರೂ ಬ್ಯಾಂಕಿನವರೂ ಇಬ್ಬರೂ ಸಹಿ ಮಾಡಬೇಕು. ಅದನ್ನು ಆರ್‌ಟಿಒಗೆ ಕೊಟ್ಟ ಮೇಲಷ್ಟೇ ಹೆಸರು ಹೋಗುತ್ತದೆ.

ಬ್ಯಾಂಕಿನವರು ಕೊಡುವ ಎನ್‌ಒಸಿಗೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಇರುತ್ತದೆ. "ಎನ್‌ಒಸಿ ಇದೆ ಬಿಡಿ" ಅಂತ ತೋರಿಸಿದರೆ ದಿನಾಂಕ ನೋಡಿ. ಮೂರು ವರ್ಷ ಹಳೆಯ ಎನ್‌ಒಸಿ ಇದ್ದರೆ ಹೊಸದು ತರಿಸಬೇಕಾಗುತ್ತದೆ. ಅದಕ್ಕೆ ಅರ್ಜಿ ಹಾಕಬೇಕಾದವರು ಸಾಲ ತೆಗೆದವರು. ಕೊಂಡ ನೀವು ಬ್ಯಾಂಕಿಗೆ ಎಷ್ಟು ಸಲ ಹೋದರೂ ಅವರು ನಿಮ್ಮ ಹತ್ತಿರ ಮಾತಾಡುವುದಿಲ್ಲ. ನನ್ನ ಏಳು ತಿಂಗಳಲ್ಲಿ ಅರ್ಧ ಕಳೆದದ್ದು ಇದರಲ್ಲೇ.

ನಮ್ಮ ರಾಜ್ಯದವರಿಗೆ ಇನ್ನೊಂದು ತೊಡಕು ಇದೆ. ನಮ್ಮಲ್ಲಿ ಮನೆಮಾತಾಗಿದ್ದ ಎಷ್ಟೋ ಬ್ಯಾಂಕುಗಳು ಈಗ ಆ ಹೆಸರಲ್ಲಿ ಇಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಆರ್‌ಸಿಯಲ್ಲಿ ಹಳೆಯ ಬ್ಯಾಂಕಿನ ಹೆಸರಿದ್ದರೆ ಎನ್‌ಒಸಿ ಈಗಿನ ಬ್ಯಾಂಕಿನಿಂದ ಬರಬೇಕು. ಹಳೆಯ ಹೆಸರು ಮತ್ತು ಈಗ ಅದು ಯಾವ ಬ್ಯಾಂಕಿಗೆ ಸೇರಿದೆ ಎಂಬ ಎರಡೂ ವಿವರ ಪತ್ರದಲ್ಲಿ ಇರುವಂತೆ ಕೇಳಿ ಬರೆಸಿಕೊಳ್ಳಿ. ಕೌಂಟರಿನಲ್ಲಿ ಪ್ರಶ್ನೆ ಎದ್ದರೆ ಆ ಒಂದು ಸಾಲು ಕೆಲಸಕ್ಕೆ ಬರುತ್ತದೆ.

ಸಾಲ ಇನ್ನೂ ತೀರದ ಗಾಡಿ ಕೊಳ್ಳಬಹುದಾ? ಕೊಳ್ಳಬಹುದು, ಆದರೆ ದುಡ್ಡನ್ನು ಮಾರುವವರ ಕೈಗೆ ಕೊಡಬೇಡಿ. ಅವರ ಜೊತೆ ಬ್ಯಾಂಕಿಗೆ ಹೋಗಿ. ಸಾಲ ಮುಗಿಸಲು ಎಷ್ಟು ಬೇಕು ಎಂಬ ಪತ್ರವನ್ನು ಬ್ಯಾಂಕಿನಿಂದ ತೆಗೆಸಿ. ಅಷ್ಟನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ ರಸೀದಿ ಪಡೆಯಿರಿ. ಮಾರುವವರಿಗೆ ಅದೇ ಬ್ಯಾಂಕಿನಲ್ಲಿ ಕ್ರೆಡಿಟ್ ಕಾರ್ಡ್ ಅಥವಾ ಬೇರೆ ಸಾಲದ ಬಾಕಿ ಇದ್ದರೆ ಕಾರಿನ ಎನ್‌ಒಸಿ ತಡೆಹಿಡಿಯುವ ಬ್ಯಾಂಕುಗಳೂ ಇವೆ. ದುಡ್ಡು ಕಟ್ಟುವ ಮೊದಲೇ ಕೌಂಟರಿನಲ್ಲಿ ನೇರವಾಗಿ ಕೇಳಿ: "ಇಷ್ಟು ಕಟ್ಟಿದರೆ ಎನ್‌ಒಸಿ ಕೊಡುತ್ತೀರಾ, ಬೇರೆ ಏನಾದರೂ ಬಾಕಿ ಇದೆಯಾ?" ಉತ್ತರ ಬರವಣಿಗೆಯಲ್ಲಿ ಸಿಕ್ಕರೆ ಒಳ್ಳೆಯದು.

ಮೂರನೇ ಹೆಜ್ಜೆ: ಚಿಕ್ಕ ಬಾಕಿಗಳು

ಟ್ರಾಫಿಕ್ ದಂಡ ಬಾಕಿ ಇದ್ದರೆ ಅರ್ಜಿ ನಿಲ್ಲಬಹುದು. ಇ-ಚಲನ್ ವೆಬ್‌ಸೈಟಿನಲ್ಲಿ ನಂಬರು ಹಾಕಿ ನೋಡಿ. ಬೆಂಗಳೂರಿನಲ್ಲಿ ಓಡಿದ ಗಾಡಿಯಾದರೆ ಅಲ್ಲಿನ ಟ್ರಾಫಿಕ್ ಪೊಲೀಸರ ದಾಖಲೆಯನ್ನು ಬೇರೆಯಾಗಿ ನೋಡುವುದು ಒಳ್ಳೆಯದು. ಸಿಗ್ನಲ್ ಕ್ಯಾಮೆರಾಗಳ ಕೇಸು ಮಾಲೀಕರಿಗೇ ಗೊತ್ತಿಲ್ಲದೆ ಹತ್ತಿಪ್ಪತ್ತು ಸೇರಿರುತ್ತವೆ. ಕೆಲವು ಕೇಸು ಕೋರ್ಟಿಗೆ ಹೋಗಿರುತ್ತವೆ. ಅಂಥವನ್ನು ಕೋರ್ಟಿನ ಮೂಲಕವೇ ಮುಗಿಸಬೇಕು, ಸಮಯ ಹಿಡಿಯುತ್ತದೆ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತ್ತು. ಆಮೇಲೂ ಕೊಟ್ಟದ್ದಿದೆ. "ಮತ್ತೆ ರಿಯಾಯಿತಿ ಬರುತ್ತೆ, ಆಗ ಕಟ್ಟೋಣ" ಅಂತ ಮಾರುವವರು ಹೇಳಿದರೆ ಒಪ್ಪಬೇಡಿ. ಆ ರಿಯಾಯಿತಿ ಯಾವಾಗ ಬರುತ್ತದೋ, ಅಲ್ಲಿಯವರೆಗೆ ನಿಮ್ಮ ಆರ್‌ಸಿ ಕಾಯುತ್ತಿರುತ್ತದೆ.

ನಂಬರ್ ಪ್ಲೇಟು ನೋಡಿ. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಕರ್ನಾಟಕದಲ್ಲಿ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟು ಕಡ್ಡಾಯ. ಅದಿಲ್ಲದೆ ಆರ್‌ಟಿಒ ಕೆಲಸಕ್ಕೆ ಹೋದರೆ ಸುಮ್ನೆ ಒಂದು ಸುತ್ತು ಜಾಸ್ತಿ. ಎಮಿಷನ್ ಸರ್ಟಿಫಿಕೇಟ್ ಮತ್ತು ವಿಮೆ ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರಬೇಕು.

15 ವರ್ಷ ದಾಟಿದ, ಅಥವಾ ಹತ್ತಿರ ಬಂದ ಗಾಡಿಯಾದರೆ ನೋಂದಣಿ ನವೀಕರಣ ಮೊದಲು, ಹೆಸರು ಬದಲಾವಣೆ ಆಮೇಲೆ. ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಪಾಸಾದರೆ ಮತ್ತೆ ಐದು ವರ್ಷ ಸಿಗುತ್ತದೆ. ಈ ಕೆಲಸ ಮಾರುವವರ ಹೆಸರಲ್ಲೇ ಮುಗಿದು ಬರಲಿ.

ಹೊರ ರಾಜ್ಯದ ಗಾಡಿಯಾದರೆ

ದೆಹಲಿಯಿಂದ ಬಂದ ಡೀಸೆಲ್ ಕಾರು ಇಲ್ಲಿಯ ಬೆಲೆಗಿಂತ ಅಗ್ಗ ಅಂತ ಅನಿಸುತ್ತದೆ. ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟಿನ ನಿರ್ಬಂಧ ಬಂದ ಮೇಲೆ ಅಲ್ಲಿಂದ ಹೊರಗೆ ಬರುವ ಗಾಡಿಗಳು ಹೆಚ್ಚಾದವು. ಅಗ್ಗದ ಲೆಕ್ಕಕ್ಕೆ ಇಲ್ಲಿಯ ಲೈಫ್ ಟೈಮ್ ಟ್ಯಾಕ್ಸ್ ಸೇರಿಸಿ ನೋಡಿ. ಗಾಡಿಯ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ಅದನ್ನು ಲೆಕ್ಕ ಹಾಕುತ್ತಾರೆ. ಹೀಗಾಗಿ ಗಾಡಿ ಕೊಂಡಾಗಿನ ಮೂಲ ಬಿಲ್ ಇದ್ದರೆ ಕೇಳಿ ಇಟ್ಟುಕೊಳ್ಳಿ.

ಮಾರುವವರು ಫಾರ್ಮ್ 28 ಕೊಟ್ಟು ತಮ್ಮ ಆರ್‌ಟಿಒದಿಂದ ಎನ್‌ಒಸಿ ತೆಗೆಸಬೇಕು. ಇದು ಬ್ಯಾಂಕಿನ ಎನ್‌ಒಸಿಯಲ್ಲ, ಬೇರೆ. ಎರಡಕ್ಕೂ ಒಂದೇ ಹೆಸರಿರುವುದರಿಂದ ಮಾತಿನಲ್ಲಿ ಗೊಂದಲ ಆಗುತ್ತದೆ. ಯಾವ ಎನ್‌ಒಸಿ ಅಂತ ಬಿಡಿಸಿ ಕೇಳಿ. ಆ ಪತ್ರವನ್ನು ಒಂದು ನಿರ್ದಿಷ್ಟ ಆರ್‌ಟಿಒ ಹೆಸರಿಗೆ ಕೊಡುತ್ತಾರೆ. ನೀವು ಇರುವುದು ತುಮಕೂರಿನಲ್ಲಿ, ಬ್ರೋಕರ್ ತರಿಸಿದ್ದು ಬೆಂಗಳೂರಿನ ಯಾವುದೋ ಕಚೇರಿಗೆ ಅಂತಾದರೆ ಮತ್ತೆ ಮೊದಲಿಂದ ಶುರು. ನಿಮ್ಮ ವಿಳಾಸ ಯಾವ ಕಚೇರಿಗೆ ಸೇರುತ್ತದೆ ಅಂತ ಮೊದಲೇ ತಿಳಿದು ಅದನ್ನೇ ಬರೆಸಿ. ಗಾಡಿ ಕಳವಿನದ್ದಲ್ಲ ಎಂಬುದಕ್ಕೆ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ) ದಾಖಲೆಯನ್ನೂ ನೋಡಿಕೊಳ್ಳಿ.

ಕರ್ನಾಟಕದೊಳಗೇ ಕೊಂಡರೆ ಇಷ್ಟು ಕಷ್ಟ ಇಲ್ಲ. ಮೈಸೂರಿನ ಗಾಡಿಯನ್ನು ಧಾರವಾಡದವರು ಕೊಂಡರೂ ನಂಬರು ಬದಲಾಗುವುದಿಲ್ಲ.

ಮಾಲೀಕರು ತೀರಿಕೊಂಡಿದ್ದರೆ

ಅಪ್ಪನ ಹೆಸರಿನ ಕಾರನ್ನು ಮಗ ಮಾರುತ್ತಿರುತ್ತಾನೆ. ಮನೆಯವರೇ ಅಲ್ವಾ ಅಂತ ನಾವೂ ಒಪ್ಪಿಬಿಡುತ್ತೇವೆ. ತೀರಿಕೊಂಡವರಿಂದ ಸಹಿ ಪಡೆಯಲು ಆಗುವುದಿಲ್ಲ, ಅವರ ಸಹಿಯನ್ನು ಇನ್ನೊಬ್ಬರು ಹಾಕುವುದು ಅಪರಾಧ. ಇಂಥ ಗಾಡಿ ಮೊದಲು ವಾರಸುದಾರರೊಬ್ಬರ ಹೆಸರಿಗೆ ಆಗಬೇಕು. ಅದಕ್ಕೆ ಫಾರ್ಮ್ 31. ಜೊತೆಗೆ ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದವರ ಒಪ್ಪಿಗೆ ಬೇಕಾಗುತ್ತದೆ. ವಂಶವೃಕ್ಷವನ್ನು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬಹುದು. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು ನಿಯಮ. ದುಃಖದ ಮನೆಯಲ್ಲಿ ಕಾರಿನ ಕಾಗದ ಯಾರಿಗೂ ನೆನಪಾಗುವುದಿಲ್ಲ, ಅದು ಸಹಜ. ಆದ್ದರಿಂದ ಬದುಕಿರುವಾಗಲೇ ನಾಮಿನಿ ಹೆಸರು ಸೇರಿಸಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. 2021ರಿಂದ ಆರ್‌ಸಿಗೆ ನಾಮಿನಿ ಸೇರಿಸಲು ಅವಕಾಶ ಇದೆ.

ಇಂಥ ಗಾಡಿ ನಿಮಗೆ ಇಷ್ಟವಾದರೆ ಸ್ವಲ್ಪ ಮುಂಗಡ ಕೊಟ್ಟು ಬರೆಸಿಕೊಂಡು ಕಾಯಿರಿ. ಆರ್‌ಸಿ ವಾರಸುದಾರರ ಹೆಸರಿಗೆ ಬಂದ ಮೇಲೆ ಮುಂದಿನ ಮಾತು.

ಬ್ರೋಕರ್ ಮತ್ತು ಖಾಲಿ ಫಾರ್ಮು

ಮಾರುವವರಿಗೆ ಇದು ಬಹಳ ಮುಖ್ಯ. ಬ್ರೋಕರ್ ಗಾಡಿ ಒಯ್ಯುವಾಗ ಖಾಲಿ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಕೊಳ್ಳುವವರ ಹೆಸರಿನ ಜಾಗ ಖಾಲಿ. ಗಿರಾಕಿ ಸಿಕ್ಕಾಗ ತುಂಬಿದರಾಯಿತು ಅಂತ. ಆ ಗಿರಾಕಿ ಆರು ತಿಂಗಳಾದರೂ ಸಿಗದಿರಬಹುದು. ಅಥವಾ ಗಾಡಿ ಮೂರು ಕೈ ದಾಟಿ ಹೋಗಿ, ನಿಮ್ಮ ಸಹಿ ಇರುವ ಕಾಗದ ಎಲ್ಲಿದೆ ಅಂತಲೇ ಗೊತ್ತಾಗದಿರಬಹುದು. ಅಷ್ಟು ದಿನವೂ ಮಾಲೀಕರು ನೀವೇ.

ಇದಕ್ಕೆ ಒಂದು ದಾರಿ ಬಂದಿದೆ. 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಸೆಕೆಂಡ್ ಹ್ಯಾಂಡ್ ಗಾಡಿಗಳ ಡೀಲರುಗಳು ಆರ್‌ಟಿಒದಿಂದ ಅಧಿಕೃತ ಮಾನ್ಯತೆ ಪಡೆಯಬೇಕು. ಅಂಥ ಡೀಲರಿಗೆ ಗಾಡಿ ಒಪ್ಪಿಸುವಾಗ ಫಾರ್ಮ್ 29ಸಿ ಮೂಲಕ ಆನ್‌ಲೈನಿನಲ್ಲಿ ತಿಳಿಸಿದರೆ, ಅಲ್ಲಿಂದ ಮುಂದೆ ಡೀಲರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಗಾಡಿ ಬಿಡುವ ಮೊದಲು ಮಾನ್ಯತೆ ಪತ್ರ ತೋರಿಸಲು ಕೇಳಿ. ಇಲ್ಲ ಎಂದರೆ ನಾನಾದರೆ ಅಲ್ಲಿ ಗಾಡಿ ಬಿಡುವುದಿಲ್ಲ.

ದುಡ್ಡು ಕೊಡುವ ದಿನ

ಇಷ್ಟೆಲ್ಲ ಸರಿಯಿದ್ದರೆ ವ್ಯವಹಾರ ಮುಗಿಸಿ. ನಾನು ಈಗ ಪಾಲಿಸುವ ಕ್ರಮ ಹೀಗಿದೆ. ಮಾರುವವರು, ಕೊಳ್ಳುವವರು ಇಬ್ಬರೂ ಒಟ್ಟಿಗೆ ಕೂತು ಅದೇ ದಿನ ಆನ್‌ಲೈನ್ ಅರ್ಜಿ ತುಂಬಿ, ಓಟಿಪಿ ಹಾಕಿ, ಶುಲ್ಕ ಕಟ್ಟಿ, ಫಾರ್ಮುಗಳಿಗೆ ಸಹಿ ಮಾಡುತ್ತಾರೆ. ಆಮೇಲೆ ಕೀ. ಬೆಲೆಯ ಹತ್ತರಲ್ಲಿ ಒಂದು ಪಾಲು ಆರ್‌ಸಿ ಬದಲಾದ ಮೇಲೆ ಕೊಡುವ ಹಾಗೆ ಮಾತಾಡಿಕೊಳ್ಳುತ್ತೇನೆ. ಇದರಲ್ಲಿ ಅಪನಂಬಿಕೆ ಏನೂ ಇಲ್ಲ. ಸಹಿ ತಪ್ಪಾಗಿದೆ ಅಂತ ಅರ್ಜಿ ವಾಪಸ್ ಬಂದರೆ ಮಾರಿದವರು ಮತ್ತೆ ಫೋನ್ ಎತ್ತಬೇಕು, ಅದಕ್ಕೆ.

ಡೆಲಿವರಿ ನೋಟ್ ಬರೆಯದೆ ಗಾಡಿ ಹೊರಡಬಾರದು. ಗಾಡಿ ನಂಬರು, ಚಾಸಿ ಮತ್ತು ಎಂಜಿನ್ ನಂಬರು, ಕಿಲೋಮೀಟರ್, ಕೊಟ್ಟ ದುಡ್ಡು, ಉಳಿದ ದುಡ್ಡು ಬರೆಯಿರಿ. ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ. ಸಂಜೆ 5ಕ್ಕೆ ಗಾಡಿ ಕೊಟ್ಟು, 6ಕ್ಕೆ ಸಿಗ್ನಲ್ ದಾಟಿದ ಕೇಸು ಬಿದ್ದರೆ ಅದು ಯಾರದ್ದು ಅಂತ ಆ ಗಂಟೆಯೇ ಹೇಳುತ್ತದೆ. ಆದರೆ ಈ ನೋಟು ನಿಮ್ಮಿಬ್ಬರ ನಡುವಿನದ್ದು. ಆರ್‌ಸಿಯ ಜಾಗದಲ್ಲಿ ಇದು ನಿಲ್ಲುವುದಿಲ್ಲ.

ಅರ್ಜಿ ವಾಪಸ್ ಬರುವ ಕಾರಣಗಳು

ಓಟಿಪಿಯೇ ಬರುವುದಿಲ್ಲ. ಹೊಸ ಕಾರು ಕೊಂಡಾಗ ಶೋರೂಮಿನವರೋ ಏಜೆಂಟರೋ ತಮ್ಮದೇ ಮೊಬೈಲ್ ನಂಬರು ಹಾಕಿರುತ್ತಾರೆ. ಮಾಲೀಕರು ಮೊದಲು ತಮ್ಮ ನಂಬರು ಸೇರಿಸಿಕೊಳ್ಳಬೇಕು. ವ್ಯವಹಾರಕ್ಕೆ ಒಂದು ವಾರ ಮೊದಲೇ ಇದನ್ನು ಮುಗಿಸಲು ಹೇಳಿ.

ಹೆಸರಿನ ಇನಿಷಿಯಲ್ ನಮ್ಮ ಕಡೆಯ ದೊಡ್ಡ ಸಮಸ್ಯೆ. ಆರ್‌ಸಿಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು, ಪ್ಯಾನ್‌ನಲ್ಲಿ ಊರಿನ ಹೆಸರೂ ಸೇರಿರುತ್ತದೆ. ಮೂರೂ ಒಬ್ಬರೇ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ವ್ಯತ್ಯಾಸ ಚಿಕ್ಕದಾದರೆ ಅಫಿಡವಿಟ್ ಸಾಕಾಗಬಹುದು. ಮೊದಲೇ ಕೌಂಟರಿನಲ್ಲಿ ವಿಚಾರಿಸಿ.

ಸಹಿ ಹೊಂದದಿರುವುದು ವಯಸ್ಸಾದವರಲ್ಲಿ ಜಾಸ್ತಿ. ಹತ್ತು ವರ್ಷದ ಹಿಂದಿನ ಸಹಿ ಈಗ ಅವರ ಕೈಗೆ ಬರುವುದಿಲ್ಲ. ಅಂಥ ಕಡೆ ಮಾಲೀಕರು ತಾವೇ ಗುರುತಿನ ಚೀಟಿ ಹಿಡಿದು ಒಂದು ಸಲ ಕಚೇರಿಗೆ ಬಂದರೆ ಕೆಲಸ ಸುಲಭ. ಅವರನ್ನು ನೀವೇ ಕಾರಿನಲ್ಲಿ ಕರೆದುಕೊಂಡು ಹೋಗಿ ಬನ್ನಿ.

ಬಾಡಿಗೆ ಮನೆಯಲ್ಲಿ ಇರುವವರಿಗೆ ವಿಳಾಸದ ತೊಂದರೆ ಬರುತ್ತದೆ. ಆಧಾರಿನಲ್ಲಿ ಊರಿನ ವಿಳಾಸ, ಇರುವುದು ಬೇರೆ ಕಡೆ. ಬಾಡಿಗೆ ಕರಾರನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಆರ್‌ಸಿಯೇ ಕಳೆದುಹೋಗಿದ್ದರೆ ಪೊಲೀಸರಿಗೆ ದೂರು ಕೊಟ್ಟು, ಫಾರ್ಮ್ 26ರಲ್ಲಿ ನಕಲು ಆರ್‌ಸಿ ಪಡೆದ ಮೇಲೆ ಟ್ರಾನ್ಸ್‌ಫರ್.

ವಿಮೆ ಮತ್ತು ಫಾಸ್ಟ್ಯಾಗ್

ವಿಮೆಯನ್ನು ಆರ್‌ಸಿ ಬರಲಿ ಅಂತ ಮರೆತು ಕೂರಬೇಡಿ. ಗಾಡಿ ಕೈ ಬದಲಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಬೇರೆಯವರಿಗೆ ಆದ ಹಾನಿಯ ಭಾಗ ಕಾನೂನಿನಂತೆ ತಾನಾಗಿ ನಿಮಗೆ ಬರುತ್ತದೆ. ನಿಮ್ಮ ಸ್ವಂತ ಗಾಡಿಗೆ ಆದ ಹಾನಿಯ ಭಾಗ ಹಾಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಪಾಲಿಸಿ ಹಳೆಯ ಹೆಸರಲ್ಲೇ ಇದ್ದು ಗಾಡಿ ಗುದ್ದಿಕೊಂಡರೆ ರಿಪೇರಿ ಖರ್ಚು ನಿಮ್ಮ ಜೇಬಿನಿಂದ.

ಪಾಲಿಸಿಯಲ್ಲಿರುವ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ. ಅದು ಮಾಲೀಕರಿಗೆ ಸೇರಿದ್ದು, ಗಾಡಿಗೆ ಅಲ್ಲ. 50 ಶೇಕಡಾವರೆಗೆ ಬೆಳೆದಿರುವ ಬೋನಸ್ ಆದರೆ ವ್ಯತ್ಯಾಸದ ದುಡ್ಡು ನೀವು ಕಟ್ಟಬೇಕು. ಮಾರಿದವರು ಕಂಪನಿಯಿಂದ ಪತ್ರ ಪಡೆದರೆ ಅದೇ ಬೋನಸ್ಸನ್ನು ಮೂರು ವರ್ಷದೊಳಗೆ ತಮ್ಮ ಇನ್ನೊಂದು ಗಾಡಿಗೆ ಬಳಸಬಹುದು. ಎಷ್ಟೋ ಜನ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಫಾಸ್ಟ್ಯಾಗ್ ಮಾರಿದವರ ಹೆಸರಲ್ಲಿ ಇರುತ್ತದೆ. ಅವರು ಅದನ್ನು ಮುಚ್ಚಿಸಬೇಕು, ನೀವು ಹೊಸದು ತೆಗೆಯಬೇಕು. ಒಂದು ಗಾಡಿಗೆ ಒಂದೇ ಟ್ಯಾಗ್ ಇರಬೇಕೆಂಬ ನಿಯಮ ಇರುವುದರಿಂದ ಹಳೆಯದು ಮುಚ್ಚದಿದ್ದರೆ ಹೊಸದಕ್ಕೆ ತೊಡಕು.

ಹೊಸ ಆರ್‌ಸಿ ಅಂಚೆಯಲ್ಲಿ ಬಂದಾಗ ಕವರು ಬಿಚ್ಚಿ ಅಲ್ಲೇ ಓದಿ. ಹೆಸರಿನ ಕಾಗುಣಿತ, ವಿಳಾಸ, ಚಾಸಿ ನಂಬರು ಸರಿಯಿದೆಯಾ, ಎಚ್‌ಪಿ ಜಾಗ ಖಾಲಿಯಿದೆಯಾ ನೋಡಿ. ತಪ್ಪಿದ್ದರೆ ಆ ವಾರವೇ ಆರ್‌ಟಿಒಗೆ ತಿಳಿಸಿ. ಸರಿಯಿದ್ದರೆ ಅದರ ಫೋಟೊ ತೆಗೆದು ಮಾರಿದವರಿಗೆ ಕಳಿಸಿ, ಉಳಿಸಿಕೊಂಡ ದುಡ್ಡನ್ನು ಅದೇ ದಿನ ಕೊಟ್ಟುಬಿಡಿ.